ಕಡಿಮೆ ಖರ್ಚಿನಲ್ಲಿ ವರ್ಷವಿಡೀ ತಾಜಾ ಹೂವು: ಮಲೆನಾಡಿನ ಮನೆಗಳಿಗೊಂದು ಮಾರ್ಗದರ್ಶಿ

ಹೂವಿಗೆಂದು ಪ್ರತ್ಯೇಕವಾಗಿ ಲೆಕ್ಕ ಬರೆದಿಡುವ ಮನೆಗಳು ಕಡಿಮೆ. ಶುಕ್ರವಾರಕ್ಕೊಂದು ಮಾರು ಸೇವಂತಿಗೆ, ಹಬ್ಬಕ್ಕೊಂದಿಷ್ಟು ಬಿಡಿ ಹೂವು, ನೆಂಟರು ಬರುವ ದಿನ ಒಂದು ಕಟ್ಟು ಗುಲಾಬಿ ಎಂದು ಚಿಲ್ಲರೆಯಾಗಿ ಹೋಗುವ ಹಣವನ್ನು ವರ್ಷದ ಕೊನೆಯಲ್ಲಿ ಕೂಡಿಸಿ ನೋಡಿದಾಗಲಷ್ಟೇ ಅದು ಸಣ್ಣ ಮೊತ್ತವಲ್ಲವೆಂದು ತಿಳಿಯುತ್ತದೆ. ಶಿವಮೊಗ್ಗ, ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆಯವರಿಗೆ ಈ ಖರ್ಚನ್ನು ತಗ್ಗಿಸಿಕೊಳ್ಳುವುದು ಬಯಲುಸೀಮೆಯ ದೊಡ್ಡ ಊರುಗಳವರಿಗಿಂತ ಸುಲಭ, ಏಕೆಂದರೆ ಇಲ್ಲಿನ ಮಳೆ, ನೆರಳು ಮತ್ತು ಹುಳಿ ಮಣ್ಣು ವರ್ಷದ ಯಾವ ತಿಂಗಳಲ್ಲಾದರೂ ಯಾವುದಾದರೊಂದು ಹೂವನ್ನು ಅಂಗಳದಲ್ಲೇ ಅರಳಿಸುತ್ತವೆ. ಆ ಕಾಲದಲ್ಲಿ ಇಲ್ಲದ ಹೂವನ್ನೇ ಬೇಕೆಂದು ಹಟ ಹಿಡಿದಾಗ ಹಣ ಹೆಚ್ಚು ಹೋಗುತ್ತದೆ. ಕಾಲಕ್ಕೆ ತಕ್ಕ ಹೂವನ್ನು ಆರಿಸಿ, ಅದನ್ನು ಸರಿಯಾಗಿ ಕಾಪಾಡಿಕೊಂಡರೆ ಮನೆಯಲ್ಲಿ ಹೂವಿಲ್ಲದ ವಾರವೇ ಇರಬೇಕಾಗಿಲ್ಲ. ಮುಂದಿನ ಹೆಜ್ಜೆಗಳೆಲ್ಲ ಈ ಒಂದು ಮಾತಿನ ಮೇಲೆಯೇ ನಿಂತಿವೆ.

ಮೊದಲ ಹೆಜ್ಜೆ: ಹೂವು ಯಾವುದಕ್ಕೆ ಎಂಬುದನ್ನು ಬೇರ್ಪಡಿಸಿಕೊಳ್ಳುವುದು

ದೇವರಿಗೆ, ಮುಡಿಗೆ, ಪಡಸಾಲೆಯ ಅಂದಕ್ಕೆ ಎಂಬ ಮೂರು ಅಗತ್ಯಗಳಿಗೆ ಮೂರು ಬಗೆಯ ಹೂವು ಬೇಕು. ದೇವರಿಗೆ ದಿನವೂ ಹೊಸ ಹೂವು ಬೇಕಾದುದರಿಂದ ಅದನ್ನು ಕೊಳ್ಳುವುದಕ್ಕಿಂತ ಹಿತ್ತಲಲ್ಲಿ ಪಡೆಯುವುದೇ ಸರಿ. ಒಂದು ದಾಸವಾಳ, ಒಂದು ನಂದಬಟ್ಟಲು, ಬೇಲಿಯಲ್ಲೊಂದು ಕಣಗಿಲೆ ಇದ್ದರೆ ಆ ಬಾಬ್ತು ಮುಗಿಯಿತು. ಮುಡಿಗೆ ಬೇಕಾದ ದಂಡೆಯನ್ನು ಬೇಕೆನಿಸಿದ ದಿನ ಮೊಳದ ಲೆಕ್ಕದಲ್ಲಿ ಕೊಂಡರಾಯಿತು. ಕೈಯಿಂದ ಹಣ ಹಾಕಬೇಕಾದದ್ದು ಪಡಸಾಲೆಯ ಹೂವಿಗೆ ಮಾತ್ರ, ಏಕೆಂದರೆ ಒಮ್ಮೆ ತಂದದ್ದು ವಾರ, ಹತ್ತು ದಿನ ಬಾಳಬೇಕಾದದ್ದು ಅದೊಂದೇ. ತಿಂಗಳಿಗೆ ಇಷ್ಟು ಎಂದು ಮೊತ್ತವನ್ನು ಗೊತ್ತುಮಾಡಿಕೊಂಡು, ಅದರ ಬಹುಪಾಲನ್ನು ಹೆಚ್ಚು ದಿನ ಬಾಳುವ ಹೂವಿಗೆ ಇಡಬೇಕು.

ಎರಡನೆಯ ಹೆಜ್ಜೆ: ಕೊಳ್ಳುವ ಹೊತ್ತನ್ನು ಅರಿಯುವುದು

ಹೂವಿನ ಬೆಲೆ ಪಂಚಾಂಗವನ್ನು ನೋಡಿಕೊಂಡು ಏರಿಳಿಯುತ್ತದೆ. ವರಮಹಾಲಕ್ಷ್ಮಿ, ಗೌರಿ–ಗಣೇಶ, ಆಯುಧಪೂಜೆ ಮತ್ತು ದೀಪಾವಳಿಯ ಮುನ್ನಾದಿನಗಳಲ್ಲಿ ಸೇವಂತಿಗೆ, ಕನಕಾಂಬರಗಳ ಬೆಲೆ ಕೇಳಿ ಹಿಂದೆ ಸರಿಯುವವರೇ ಹೆಚ್ಚು. ಎರಡು ವರ್ಷಕ್ಕೊಮ್ಮೆ ಶಿವಮೊಗ್ಗದಲ್ಲಿ, ಮೂರು ವರ್ಷಕ್ಕೊಮ್ಮೆ ಸಾಗರದಲ್ಲಿ ಮಾರಿಕಾಂಬಾ ಜಾತ್ರೆ ನಡೆಯುವ ದಿನಗಳಲ್ಲಿಯೂ ಇದೇ ಸ್ಥಿತಿ. ಇದಕ್ಕೆ ತಿರುಗುಮುರುಗಾಗಿ, ಮದುವೆ ಮುಂಜಿಗಳಿಲ್ಲದ ಆಷಾಢ, ಪಿತೃಪಕ್ಷ ಮತ್ತು ಧನುರ್ಮಾಸಗಳಲ್ಲಿ ಬೇಡಿಕೆ ಕುಗ್ಗುವುದರಿಂದ ಅದೇ ಹೂವು ಸಾಮಾನ್ಯವಾಗಿ ಅಗ್ಗವಾಗಿ ಸಿಗುತ್ತದೆ. ಇವುಗಳಲ್ಲಿ ಧನುರ್ಮಾಸವೇ ಉತ್ತಮ. ಆಷಾಢದ ಹೂವು ಮಳೆಯಲ್ಲಿ ನೆಂದು ಬಂದಿರುತ್ತದೆ. ಧನುರ್ಮಾಸದಲ್ಲಿ ಸೇವಂತಿಗೆಯ ಸುಗ್ಗಿಯೂ ಇರುತ್ತದೆ, ಗಾಳಿಯಲ್ಲಿ ತಂಪೂ ಇರುತ್ತದೆ, ಹೂವು ತಾನಾಗಿಯೇ ಹೆಚ್ಚು ದಿನ ಬಾಳುತ್ತದೆ.

ಶಿವಮೊಗ್ಗದಲ್ಲಿ ಗಾಂಧಿ ಬಜಾರ್ ಮತ್ತು ಶಿವಪ್ಪನಾಯಕ ವೃತ್ತದ ಆಸುಪಾಸಿನಲ್ಲಿ ಹೂವು ಕೊಳ್ಳುವವರು ಎರಡು ಹೊತ್ತನ್ನು ಗಮನದಲ್ಲಿಡಬಹುದು. ಹೂದಾನಿಗೆ ಇಡುವ ಕಡ್ಡಿ ಹೂವನ್ನು ಬೆಳಗ್ಗೆಯೇ ತರಬೇಕು, ಏಕೆಂದರೆ ದಿನವಿಡೀ ಬಿಸಿಲಿಗೆ ನಿಂತ ದಂಟು ಮನೆಯಲ್ಲಿ ಎಷ್ಟು ಉಪಚರಿಸಿದರೂ ಚೇತರಿಸಿಕೊಳ್ಳುವುದು ಕಷ್ಟ. ಮರುದಿನ ನೀರಿನಲ್ಲಿ ತೇಲಿಬಿಡಲು ಬೇಕಾದ ಬಿಡಿ ಹೂವನ್ನಾದರೆ ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಕೊಳ್ಳಬಹುದು. ಉಳಿದದ್ದನ್ನು ಮನೆಗೆ ಹೊತ್ತೊಯ್ಯಲು ಯಾವ ವ್ಯಾಪಾರಿಯೂ ಬಯಸುವುದಿಲ್ಲವಾದುದರಿಂದ ಬೆಲೆ ಇಳಿದಿರುತ್ತದೆ. ಒಬ್ಬರ ಬಳಿಯೇ ವಾರವಾರವೂ ಕೊಳ್ಳುವುದು ಇನ್ನೂ ಲಾಭಕರ. ಪರಿಚಯವಾದ ಮೇಲೆ “ಅಕ್ಕಾ, ಇದು ಬೆಳಗಿನ ಹೂವೋ ನಿನ್ನೆಯದೋ?” ಎಂದು ಕೇಳಿದರೆ ನಿಜವಾದ ಉತ್ತರವೇ ಬರುತ್ತದೆ, ಬುಟ್ಟಿಯ ಅಡಿಯಲ್ಲಿ ಒದ್ದೆ ಬಟ್ಟೆ ಹೊದೆಸಿಟ್ಟ ಹೊಸ ಹೂವೂ ಹೊರಗೆ ಬರುತ್ತದೆ.

ಕಟ್ಟಿದ ಹೂವನ್ನು ಮಾರಿನ ಲೆಕ್ಕದಲ್ಲಿ ಕೊಳ್ಳುವಾಗ ಉದ್ದವನ್ನಷ್ಟೇ ನೋಡುವುದು ಸಾಲದು. ಮಾರು ಎಂಬುದು ಅಳೆಯುವವರು ಚಾಚಿದ ಎರಡೂ ತೋಳುಗಳಷ್ಟು. ಅದಕ್ಕಿಂತ ಮುಖ್ಯವಾದದ್ದು ಕಟ್ಟಿನ ಒತ್ತು. ತೆಳುವಾಗಿ ಕಟ್ಟಿದ ಎರಡು ಮಾರಿನಲ್ಲಿ ಒತ್ತಾಗಿ ಕಟ್ಟಿದ ಒಂದು ಮಾರಿನಷ್ಟೇ ಹೂವಿರಬಹುದು. ಕಟ್ಟಲು ಬರುವವರು ಬಿಡಿ ಹೂವನ್ನು ತೂಕಕ್ಕೆ ಕೊಂಡು ಬಾಳೆನಾರಿನಲ್ಲಿ ತಾವೇ ಕಟ್ಟಿಕೊಂಡರೆ ಉಳಿತಾಯ ಕಣ್ಣಿಗೆ ಕಾಣುವಷ್ಟಿರುತ್ತದೆ. ಒಣಗಿದ ಬಾಳೆಪಟ್ಟೆಯನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ ಸಣ್ಣಗೆ ಸೀಳಿದರೆ ನಾರು ಸಿದ್ಧ. ದಾರದಂತೆ ಅದು ದಂಟನ್ನು ಕೊಯ್ಯುವುದಿಲ್ಲ, ಸ್ವಲ್ಪ ತೇವವನ್ನೂ ಹಿಡಿದಿಡುತ್ತದೆ. ಕರಾವಳಿಯಿಂದ ಘಟ್ಟ ಹತ್ತಿ ಬರುವ ಉಡುಪಿ ಮಲ್ಲಿಗೆಗೆ ಮಾತ್ರ ಲೆಕ್ಕವೇ ಬೇರೆ: ಅಲ್ಲಿ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಪರಿಮಳಕ್ಕೆ ಅದರ ಸಮ ಬೇರೊಂದಿಲ್ಲವಾದರೂ ಮಿತವ್ಯಯದ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ತಾಜಾತನವನ್ನು ಪರೀಕ್ಷಿಸುವ ಬಗೆ ಹೂವಿನಿಂದ ಹೂವಿಗೆ ಬೇರೆ. ಸೇವಂತಿಗೆಯನ್ನು ಮಗುಚಿ ಹಿಂಬದಿಯ ಎಸಳುಗಳನ್ನು ನೋಡಬೇಕು. ಅಲ್ಲಿ ಕಂದು ಬಣ್ಣ ಕಂಡರೆ ಮುಂಭಾಗ ಎಷ್ಟೇ ಚೆನ್ನಾಗಿದ್ದರೂ ಅದು ಹಳೆಯದು. ಗುಲಾಬಿಯ ಮೊಗ್ಗನ್ನು ತೊಟ್ಟಿನ ಬಳಿ ಎರಡು ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಗಟ್ಟಿಯಾಗಿರಬೇಕು. ಸುಗಂಧರಾಜದ ಕಡ್ಡಿಯಲ್ಲಿ ಬುಡದ ಎರಡು ಮೂರು ಹೂವು ಮಾತ್ರ ಅರಳಿ, ಮೇಲಿನವೆಲ್ಲ ಮೊಗ್ಗಾಗಿರುವುದನ್ನು ಆರಿಸಿದರೆ ಉಳಿದವು ಮನೆಯಲ್ಲಿ ಒಂದೊಂದಾಗಿ ಬಿರಿಯುತ್ತವೆ. ಕೊಟ್ಟ ಹಣಕ್ಕೆ ಹೆಚ್ಚು ದಿನ ಸಿಗುವ ಕಡ್ಡಿ ಹೂವೆಂದರೆ ಸೇವಂತಿಗೆ ಮತ್ತು ಸುಗಂಧರಾಜವೇ. ಜರ್ಬೆರಾದ ಟೊಳ್ಳು ದಂಟು ಬೇಗ ಬಾಗುತ್ತದೆ. ನನ್ನ ಮಟ್ಟಿಗೆ ಅದು ಮದುವೆ ಮಂಟಪಕ್ಕೆ ಸರಿ, ಮನೆಗೆ ದುಂದು.

ಮದುವೆ ಮಂಟಪದ ಮಾತು ಬಂದುದರಿಂದ ಇನ್ನೊಂದು ವಿಷಯ. ಮುಹೂರ್ತ ಮುಗಿದು ಊಟದ ಪಂಕ್ತಿ ಏಳುವ ಹೊತ್ತಿಗೆ ಮಂಟಪದ ಅಲಂಕಾರವನ್ನು ಕಿತ್ತು ಗುಡಿಸಿಬಿಡುತ್ತಾರೆ. ಮನೆಯವರನ್ನೂ ಅಲಂಕಾರದವರನ್ನೂ ಒಂದು ಮಾತು ಕೇಳಿ ನಾಲ್ಕು ಕಡ್ಡಿ ತಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಸಂಕೋಚ ಇರುವವರು ಇದನ್ನು ಬಿಟ್ಟುಬಿಡಬಹುದು.

ಮೂರನೆಯ ಹೆಜ್ಜೆ: ಹೂವಿಗೆ ಎಲೆಯನ್ನು ಕೂಡಿಸುವುದು

ಹೂದಾನಿ ತುಂಬಿ ಕಾಣಬೇಕೆಂದರೆ ಅದರಲ್ಲಿ ಹೂವೇ ತುಂಬಿರಬೇಕೆಂದಿಲ್ಲ. ಮೂರು ಸೇವಂತಿಗೆಯ ಕಡ್ಡಿಗೆ ಎರಡು ಹಿಡಿ ಹಸಿರು ಸೇರಿದರೆ ಹನ್ನೆರಡು ಕಡ್ಡಿಯ ಗುಚ್ಛದಷ್ಟೇ ಜಾಗವನ್ನು ಅದು ತುಂಬುತ್ತದೆ, ಹೂವುಗಳ ನಡುವೆ ಬಿಡುವಿರುವುದರಿಂದ ಪ್ರತಿಯೊಂದೂ ಎದ್ದು ಕಾಣುತ್ತದೆ. ಮಲೆನಾಡಿನಲ್ಲಿ ಹಸಿರಿಗೆ ಕಾಸು ಕೊಡಬೇಕಾಗಿಲ್ಲ. ಧರೆಯ ಮೇಲಿನ ಜರಿಗಿಡ, ಬೇಲಿಯ ಕ್ರೋಟನ್, ತುಳಸಿಕಟ್ಟೆಯ ಪಕ್ಕದ ಮರುಗ, ಬಲಿತ ಸೀಬೆಯ ರೆಂಬೆ ಇವೆಲ್ಲ ಒದಗುತ್ತವೆ. ಜರಿಗಿಡದ ಎಲೆಯನ್ನು ಎಳೆಯದಾಗಿರುವಾಗ ಕೊಯ್ಯಬಾರದು. ಸುರುಳಿ ಪೂರ್ತಿ ಬಿಚ್ಚಿ ಹಿಂಬದಿಯಲ್ಲಿ ಕಂದು ಚುಕ್ಕೆಗಳು ಮೂಡಿದ ಮೇಲೆ ಕೊಯ್ದರೆ ಬಾಡದೆ ನಿಲ್ಲುತ್ತದೆ.

ಅಡಿಕೆ ತೋಟವಿರುವ ಮನೆಗಳಲ್ಲಿ ಸಿಂಗಾರವನ್ನು, ಅಂದರೆ ಅಡಿಕೆಯ ಹೂಗೊಂಚಲನ್ನು, ಪೂಜೆಗೆ ಬಳಸುವುದುಂಟು, ಹೂದಾನಿಯಲ್ಲಿಟ್ಟರೂ ಅದರ ಕೆನೆಬಣ್ಣದ ಎಳೆಗಳು ದಿನಗಟ್ಟಲೆ ಚೆನ್ನಾಗಿರುತ್ತವೆ. ಆದರೆ ಒಂದು ಸಿಂಗಾರ ಕೊಯ್ದರೆ ಒಂದು ಅಡಿಕೆಗೊನೆ ಹೋಯಿತೆಂದೇ ಲೆಕ್ಕ. ಅಡಿಕೆಯ ಧಾರಣೆಯನ್ನು ನೋಡಿದರೆ ಇದಕ್ಕಿಂತ ದುಬಾರಿ ಹೂವು ಪೇಟೆಯಲ್ಲೂ ಸಿಗಲಾರದು. ಗಾಳಿಗೆ ಬಿದ್ದ ಮರದ್ದಾದರೆ ತರಬಹುದು. ತೋಟದಿಂದ ಧಾರಾಳವಾಗಿ ತರಬಹುದಾದದ್ದು ಹಾಳೆ. ಬಿದ್ದ ಹಾಳೆಯನ್ನು ನೀರಿನಲ್ಲಿ ನೆನೆಸಿ ಮೆತ್ತಗಾದ ಮೇಲೆ ಅಂಚು ಮಡಿಸಿ ಕಟ್ಟಿದರೆ ಹೂವು ಕೊಯ್ಯಲೂ, ಜಗುಲಿಯ ಮೇಲೆ ಹರಡಿಡಲೂ ಒಳ್ಳೆಯ ತಟ್ಟೆಯಾಗುತ್ತದೆ.

ನಾಲ್ಕನೆಯ ಹೆಜ್ಜೆ: ತಂದ ಹೂವನ್ನು ಕಾಪಾಡುವುದು

ಖರ್ಚು ಉಳಿಯುವುದು ಮುಖ್ಯವಾಗಿ ಇಲ್ಲಿ. ನಾಲ್ಕು ದಿನ ಬಾಳುವ ಹೂವನ್ನು ಎಂಟು ದಿನ ಬಾಳಿಸಿದರೆ ಅದರ ಬೆಲೆ ಅರ್ಧವಾದಂತೆಯೇ. ಕೊಯ್ದ ಹೂವು ಬಾಡುವುದಕ್ಕೆ ಸಾಮಾನ್ಯ ಕಾರಣ ನೀರು ಮೇಲೇರದಿರುವುದು, ಅದು ಏರದಿರುವುದಕ್ಕೆ ಕಾರಣಗಳು ಎರಡು: ಕೊಯ್ದ ಕೂಡಲೇ ದಂಟಿನ ನಾಳಗಳೊಳಗೆ ಸೇರಿಕೊಳ್ಳುವ ಗಾಳಿ, ಮತ್ತು ಹೂದಾನಿಯ ನೀರಿನಲ್ಲಿ ಹುಟ್ಟಿ ಆ ನಾಳಗಳನ್ನು ಮುಚ್ಚುವ ಬ್ಯಾಕ್ಟೀರಿಯಾ. ಆದುದರಿಂದ ಮನೆಗೆ ಬಂದ ಕೂಡಲೇ ಒಂದು ಬಕೆಟ್ ನೀರಿನೊಳಗೆ ದಂಟಿನ ತುದಿಯನ್ನು ಮುಳುಗಿಸಿ, ನೀರಿನಡಿಯಲ್ಲೇ ಒಂದಂಗುಲದಷ್ಟನ್ನು ಹರಿತವಾದ ಚಾಕುವಿನಿಂದ ಓರೆಯಾಗಿ ಕತ್ತರಿಸಬೇಕು. ಮೊಂಡು ಕತ್ತರಿ ದಂಟನ್ನು ಜಜ್ಜುತ್ತದೆ, ಜಜ್ಜಿದ ದಂಟು ನೀರು ಕುಡಿಯುವುದಿಲ್ಲ. ನೀರಿನ ಮಟ್ಟಕ್ಕಿಂತ ಕೆಳಗೆ ಬರುವ ಎಲೆಗಳನ್ನೆಲ್ಲ ತೆಗೆಯಬೇಕು. ಅಲ್ಲಿ ಉಳಿದ ಒಂದೇ ಎಲೆ ಕೊಳೆತರೂ ಎರಡು ದಿನದಲ್ಲಿ ನೀರು ವಾಸನೆ ಬರುತ್ತದೆ. ಬಳಿಕ ಎರಡು ಗಂಟೆ ಹೂವನ್ನು ಬಕೆಟ್ಟಿನಲ್ಲೇ ನೆರಳಿನಲ್ಲಿಟ್ಟು, ಚೆನ್ನಾಗಿ ನೀರು ಕುಡಿದ ಮೇಲೆ ಹೂದಾನಿಗೆ ವರ್ಗಾಯಿಸಬೇಕು.

ಅಂಗಡಿಯಲ್ಲಿ ಮಾರುವ ಹೂವಿನ ಪುಡಿಯ ಬದಲು ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಸಕ್ಕರೆ, ಎರಡು ಟೀ ಚಮಚ ನಿಂಬೆರಸ ಸೇರಿಸಿದರೆ ಸಾಕು. ಸಕ್ಕರೆ ಹೂವಿಗೆ ಆಹಾರ, ಹುಳಿ ನೀರು ದಂಟಿನಲ್ಲಿ ಸಲೀಸಾಗಿ ಏರುತ್ತದೆ. ಆದರೆ ಸಕ್ಕರೆ ಬ್ಯಾಕ್ಟೀರಿಯಾಗಳಿಗೂ ಆಹಾರವೇ ಆದುದರಿಂದ ಈ ನೀರನ್ನು ದಿನವೂ ಬದಲಿಸಲೇಬೇಕು. ಅದಾಗದವರು ಸಕ್ಕರೆಯನ್ನೇ ಹಾಕದೆ, ಎರಡು ದಿನಕ್ಕೊಮ್ಮೆ ಬರಿಯ ಬಾವಿ ನೀರನ್ನು ಬದಲಿಸುವುದು ಮೇಲು. ಬದಲಿಸುವಾಗಲೆಲ್ಲ ಹೂದಾನಿಯ ಒಳಗೋಡೆಯನ್ನು ಉಜ್ಜಿ ತೊಳೆದು, ದಂಟಿನ ತುದಿಯನ್ನು ಮತ್ತೆ ಸ್ವಲ್ಪ ಕತ್ತರಿಸಬೇಕು. ಹೀಗೆ ದಂಟು ಚಿಕ್ಕದಾಗುತ್ತ ಹೋದಂತೆ ಹೂದಾನಿಯಿಂದ ಲೋಟಕ್ಕೆ, ಲೋಟದಿಂದ ಉರುಳಿಯ ನೀರಿಗೆ ಅದನ್ನು ಇಳಿಸುತ್ತ ಬಂದರೆ ಒಂದೇ ಸೇವಂತಿಗೆ ಮೂರು ಕಡೆ ಬಳಕೆಯಾಗುತ್ತದೆ. ಹೂದಾನಿಯನ್ನೂ ಕೊಳ್ಳಬೇಕೆಂದಿಲ್ಲ, ಅಟ್ಟದಲ್ಲಿರುವ ತಾಮ್ರದ ಚೊಂಬು ಸಾಕು. ತಾಮ್ರ ಬ್ಯಾಕ್ಟೀರಿಯಾಗಳನ್ನು ಕೊಂಚ ಹತೋಟಿಯಲ್ಲಿಡುತ್ತದೆ. ನಿಂಬೆರಸದ ನೀರನ್ನು ಮಾತ್ರ ಅದರಲ್ಲಿ ಹಾಕಬಾರದು.

ಹೂವನ್ನು ಎಲ್ಲಿಡಬೇಕೆಂಬುದರಲ್ಲಿ ಮಲೆನಾಡಿನ ಮನೆಗಳಿಗೆ ಅನ್ವಯಿಸುವ ಎಚ್ಚರಿಕೆಯೊಂದಿದೆ. ಬಾಳೆಗೊನೆಯನ್ನು ತೂಗುಹಾಕಿದ ಕೋಣೆಯಲ್ಲಿ ಹೂದಾನಿಯನ್ನು ಇಡಬಾರದು. ಹಣ್ಣಾಗುತ್ತಿರುವ ಬಾಳೆ ಎಥಿಲೀನ್ ಎಂಬ ಅನಿಲವನ್ನು ಹೊರಬಿಡುತ್ತದೆ, ಅದು ಕಾಯಿಯನ್ನು ಹಣ್ಣಾಗಿಸಿದಂತೆಯೇ ಗುಲಾಬಿ, ಕಾರ್ನೇಷನ್‌ಗಳಂತಹ ಹೂವುಗಳನ್ನು ಬೇಗ ಮುದಿಯಾಗಿಸುತ್ತದೆ. ಫ್ಯಾನಿನ ನೇರ ಗಾಳಿ, ಟಿ.ವಿ.ಯ ಪಕ್ಕದ ಬಿಸಿ ಇವೂ ಬೇಡ.

ಅಂಗಳದಲ್ಲಿ ಹೈಡ್ರಾಂಜಿಯಾ ಇರುವವರು ಅದು ಕೊಯ್ದ ಅರ್ಧ ಗಂಟೆಗೆ ಜೋಲುತ್ತದೆಂದು ಬಿಸಾಡುವುದನ್ನು ನೋಡಿದ್ದೇನೆ. ಆ ಹೂವಿನ ಇಡೀ ಗೊಂಚಲನ್ನು ಒಂದು ಗಂಟೆ ತಣ್ಣೀರಿನಲ್ಲಿ ಮುಳುಗಿಸಿಟ್ಟರೆ ಎಸಳುಗಳೇ ನೀರು ಹೀರಿಕೊಂಡು ಮತ್ತೆ ಬಿಗಿಯಾಗುತ್ತವೆ. ನಮ್ಮ ಹುಳಿ ಮಣ್ಣಿನಲ್ಲಿ ಅದು ನೀಲಿಯಾಗಿ ಅರಳುವುದೂ ಒಂದು ಪುಕ್ಕಟೆ ಲಾಭ.

ಕಟ್ಟಿದ ಹೂವಿನ ಕ್ರಮ ಬೇರೆ. ಮಲ್ಲಿಗೆ, ಕಾಕಡಗಳ ಮೇಲೆ ನೀರು ಚಿಮುಕಿಸುವ ಅಭ್ಯಾಸದಿಂದ ಅವು ಬೇಗ ಕಂದುತ್ತವೆ. ಸ್ಟೀಲ್ ಡಬ್ಬಿಯಲ್ಲಿ ಬಾಳೆ ಎಲೆ ಹಾಸಿ, ಹೂವನ್ನು ಒತ್ತದೆ ಸುತ್ತಿಟ್ಟು, ಮೇಲೆ ಹಿಂಡಿದ ತೆಳು ಹತ್ತಿ ಬಟ್ಟೆ ಹೊದಿಸಿ ಮುಚ್ಚಬೇಕು. ಅಬ್ಬಲಿಗೆ, ಅಂದರೆ ಕನಕಾಂಬರ, ಹೀಗೆ ಎರಡು ಮೂರು ದಿನ ಸುಲಭವಾಗಿ ನಿಲ್ಲುತ್ತದೆ. ದಾಸವಾಳ ಒಂದೇ ದಿನದ ಹೂವಾದುದರಿಂದ ಅದಕ್ಕೆ ಯಾವ ಉಪಚಾರವೂ ಬೇಡ. ನೀರಿಲ್ಲದೆ ತಟ್ಟೆಯಲ್ಲಿಟ್ಟರೂ ಸಂಜೆಯವರೆಗೆ ಅರಳಿಯೇ ಇರುತ್ತದೆ.

ಐದನೆಯ ಹೆಜ್ಜೆ: ನಾಲ್ಕು ಕುಂಡಗಳಲ್ಲಿ ಬೆಳೆದುಕೊಳ್ಳುವುದು

ಪೇಟೆಯ ಹೂವು ಮಳೆಗೆ ಕೊಳೆತು ಬರುವ ಜುಲೈನಿಂದ ಸೆಪ್ಟೆಂಬರ್‌ವರೆಗಿನ ಕಾಲವನ್ನು ತುಂಬಿಕೊಡಲೆಂದೇ ಮಲೆನಾಡಿಗೆ ಡೇರೆ ಹೂವು ಒದಗಿದೆ. ಮೆಕ್ಸಿಕೋ ಮೂಲದ ಈ ಡೇಲಿಯಾ ಇಲ್ಲಿನ ಅಂಗಳಗಳಲ್ಲಿ ಎಷ್ಟು ಬೇರೂರಿದೆಯೆಂದರೆ, ಮಳೆಗಾಲದಲ್ಲಿ ಹೆಂಗಸರು ಒಬ್ಬರ ಮನೆಗೆ ಒಬ್ಬರು ಹೋದಾಗ ಮೊದಲು ನೋಡುವುದು ಡೇರೆಯ ಸಾಲನ್ನೇ. ಇದರ ಗೆಡ್ಡೆ ಅಂಗಡಿಗಿಂತ ನೆಂಟರ ಮನೆಯಲ್ಲಿ ಸುಲಭವಾಗಿ ಸಿಗುತ್ತದೆ. “ಅತ್ತಿಗೆ, ಆ ನೇರಳೆ ಬಣ್ಣದ್ದೊಂದು ಹಿಳ್ಳು ಕೊಡಿ” ಎಂದರೆ ಇಲ್ಲವೆನ್ನುವವರಿಲ್ಲ, ಬದಲಿಗೆ ನಿಮ್ಮಲ್ಲಿರುವ ಬಣ್ಣವೊಂದನ್ನು ಕೊಟ್ಟರಾಯಿತು. ಗೆಡ್ಡೆಯನ್ನು ಪಡೆಯುವಾಗ ಅದರ ಕುತ್ತಿಗೆಯ ಭಾಗ ಸ್ವಲ್ಪವಾದರೂ ಜೊತೆಯಲ್ಲಿರುವಂತೆ ನೋಡಿಕೊಳ್ಳಬೇಕು. ಮೊಳಕೆಯ ಕಣ್ಣು ಇರುವುದು ಅಲ್ಲಿಯೇ. ಕಣ್ಣಿಲ್ಲದ ಗೆಡ್ಡೆ ಎಷ್ಟು ದಪ್ಪವಿದ್ದರೂ ಚಿಗುರುವುದಿಲ್ಲ.

ಮೇ ತಿಂಗಳಿನಲ್ಲಿ ಮೊದಲ ಮಳೆ ಬಿದ್ದ ಮೇಲೆ, ಕೊಟ್ಟಿಗೆ ಗೊಬ್ಬರ, ಕೆಮ್ಮಣ್ಣು ಮತ್ತು ಮರಳನ್ನು ಬೆರೆಸಿ ತುಂಬಿದ ಕುಂಡದಲ್ಲಿ ಗೆಡ್ಡೆಯನ್ನು ಮೂರು ನಾಲ್ಕು ಅಂಗುಲ ಆಳದಲ್ಲಿ ನೆಡಬೇಕು. ಚಿಗುರು ಕಾಣುವವರೆಗೆ ನೀರು ಹೆಚ್ಚಾಗಬಾರದು. ಗಿಡ ಒಂದು ಅಡಿ ಎತ್ತರವಾದಾಗ ತುದಿಯನ್ನು ಚಿವುಟಿದರೆ ಕವಲುಗಳು ಒಡೆದು ಹೂವಿನ ಸಂಖ್ಯೆ ಹೆಚ್ಚುತ್ತದೆ, ಚಿವುಟಿದ ತುದಿಯನ್ನು ಒದ್ದೆ ಮರಳಿನಲ್ಲಿ ಊರಿದರೆ ಅದೂ ಒಂದು ಗಿಡವಾಗುತ್ತದೆ. ಟೊಳ್ಳು ದಂಟಿನ ಗಿಡವಾದುದರಿಂದ ಅಡಿಕೆ ದಬ್ಬೆಯ ಆಸರೆ ಕೊಟ್ಟು ಕಟ್ಟಲೇಬೇಕು. ಆಗುಂಬೆ, ಹೊಸನಗರದಂತಹ ಜಡಿಮಳೆಯ ಊರುಗಳಲ್ಲಿ ಕುಂಡವನ್ನು ಸೂರಿನಡಿಗೆ, ಆದರೆ ಸೂರಿನ ನೀರು ಬೀಳದ ಕಡೆಗೆ, ಸರಿಸಿಡಬೇಕು. ಬಸವನಹುಳುಗಳಿಗೆ ರಾತ್ರಿ ಬ್ಯಾಟರಿ ಹಿಡಿದು ಹೆಕ್ಕುವುದೇ ನಂಬಬಹುದಾದ ಉಪಾಯ. ಡೇರೆಯ ಮೊಗ್ಗು ಕೊಯ್ದ ಮೇಲೆ ಅರಳುವುದಿಲ್ಲವಾದುದರಿಂದ ಪೂರ್ತಿ ಅರಳಿದ, ಆದರೆ ಹಿಂಬದಿಯ ಎಸಳು ಇನ್ನೂ ಬಿಗಿಯಾಗಿರುವ ಹೂವನ್ನು ಮುಂಜಾನೆ ಕೊಯ್ಯಬೇಕು. ಮಳೆ ಮುಗಿದು ಗಿಡ ತಾನಾಗಿ ಒಣಗಿದ ಮೇಲೆ, ಸುಮಾರಾಗಿ ಡಿಸೆಂಬರಿನಲ್ಲಿ, ಗೆಡ್ಡೆಯನ್ನು ಅಗೆದು ಒಣ ಮರಳಿನಲ್ಲಿ ಹೂತಿಟ್ಟು ಮೇ ತಿಂಗಳವರೆಗೆ ಕಾಪಾಡಿದರೆ ಮುಂದಿನ ವರ್ಷಕ್ಕೆ ಖರ್ಚೇ ಇಲ್ಲ.

ಎರಡನೆಯದು ಸೇವಂತಿಗೆ. ಹೂವು ಮುಗಿದ ಗಿಡದ ಬುಡದಲ್ಲಿ ಏಳುವ ಹಿಳ್ಳುಗಳನ್ನು ಬೇಸಿಗೆಯಲ್ಲಿ ಬೇರ್ಪಡಿಸಿ ನೆಟ್ಟು, ಆಗಸ್ಟ್‌ವರೆಗೆ ಆಗಾಗ ತುದಿ ಚಿವುಟುತ್ತಿದ್ದರೆ ಹಗಲು ಕಿರಿದಾಗುವ ಕಾಲಕ್ಕೆ ಮೊಗ್ಗು ಕಟ್ಟುತ್ತದೆ. ಇದು ದೀರ್ಘ ರಾತ್ರಿಯನ್ನು ಬೇಡುವ ಗಿಡ. ಬೀದಿದೀಪದ ಅಥವಾ ರಾತ್ರಿಯಿಡೀ ಉರಿಯುವ ಜಗುಲಿಯ ಟ್ಯೂಬ್‌ಲೈಟಿನ ಕೆಳಗಿಟ್ಟ ಕುಂಡ ಸೊಂಪಾಗಿ ಬೆಳೆದರೂ ಹೂವು ಬಿಡದೆ ಉಳಿಯುವುದಕ್ಕೆ ಇದೇ ಕಾರಣ. ಗೊಬ್ಬರ ಹೆಚ್ಚಿಸುವ ಮೊದಲು ಕುಂಡವನ್ನು ಕತ್ತಲ ಬದಿಗೆ ಸರಿಸಿ ನೋಡಬೇಕು.

ನೆರಳಿನ ಜಾಗಕ್ಕೆ ಆಂಥೂರಿಯಂ ಸರಿ. ಗಿಡಕ್ಕೆ ವರ್ಷಕ್ಕೆ ಐದಾರು ಹೂವು ಮಾತ್ರ ಬರುತ್ತದಾದರೂ ಒಂದೊಂದೂ ಹೂದಾನಿಯಲ್ಲಿ ಎರಡು ವಾರ ನಿಲ್ಲುತ್ತದೆ. ಕನಕಾಂಬರದ ಒಣಗಿದ ಕಾಯಿ ನೀರು ತಗುಲಿದ ಕೂಡಲೇ ಚಟಕ್ಕನೆ ಸಿಡಿದು ಬೀಜ ಚೆಲ್ಲುತ್ತದೆ, ಆದುದರಿಂದ ಮಳೆಗೆ ಮೊದಲೇ ಕಾಯಿ ಕೊಯ್ದಿಟ್ಟುಕೊಳ್ಳಬೇಕು. ಡೆಲ್ಲಿ ಕನಕಾಂಬರವೆಂಬ ತಳಿಯಲ್ಲಿ ಬೀಜ ಕಟ್ಟುವುದಿಲ್ಲ, ಅದನ್ನು ಕಡ್ಡಿಯಿಂದಲೇ ಬೆಳೆಸಬೇಕು. ಪಾರಿಜಾತವಿರುವವರು ರಾತ್ರಿಯೇ ಮರದಡಿ ಹಾಳೆಯೋ ಹಳೆಯ ಪಂಚೆಯೋ ಹಾಸಿಟ್ಟರೆ ಬೆಳಗ್ಗೆ ಮಣ್ಣಾಗದ ಹೂವು ಸಿಗುತ್ತದೆ. ಬೇಸಿಗೆಯ ಹೊಸ್ತಿಲಲ್ಲಿ ಸುರಗಿ, ರಂಜೆ ಮರಗಳು ಹತ್ತಿರವಿದ್ದರೆ ಅವನ್ನು ಮರೆಯಬಾರದು, ಏಕೆಂದರೆ ಇವೆರಡೂ ಒಣಗಿದ ಮೇಲೂ ತಿಂಗಳುಗಟ್ಟಲೆ ಪರಿಮಳ ಬಿಡುವ ಹೂವುಗಳು. ಬೀರುವಿನಲ್ಲಿ ಒಂದು ಸರ ಇಟ್ಟರೆ ಸುಗಂಧದ ಪೊಟ್ಟಣ ಕೊಳ್ಳಬೇಕಾಗಿಲ್ಲ.

ಕಾಡಿನ ಹೂವಿನ ವಿಷಯದಲ್ಲಿ ಮಾತ್ರ ಕೈ ಹಿಂದಿರಲಿ. ಮುಂಗಾರಿನ ಆರಂಭದಲ್ಲಿ ಮರಗಳ ಮೇಲೆ ಇಳಿಬೀಳುವ ಸೀತಾಳೆ ದಂಡೆಯನ್ನು ಬೇರುಸಹಿತ ಕೆರೆದು ತಂದರೆ ಅದು ಮನೆಯಲ್ಲಿ ಬದುಕುವುದು ಅಪರೂಪ, ಕಾಡಿನಲ್ಲೂ ಉಳಿಯುವುದಿಲ್ಲ. ಬೆಂಕಿಯ ಬಣ್ಣದ ಗೌರಿಹೂವಿನ ಬಳ್ಳಿ ಗೆಡ್ಡೆಯಿಂದ ಎಸಳಿನವರೆಗೂ ವಿಷ, ಕಣಗಿಲೆಯೂ ವಿಷವೇ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇವನ್ನು ಎಟಕುವಂತೆ ಇಡಬಾರದು, ಅವುಗಳನ್ನಿಟ್ಟ ನೀರನ್ನು ದನಕರುಗಳ ಬಾನಿಗೆ ಚೆಲ್ಲಬಾರದು.

ಬಾಡಿದ ಹೂವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತುಂಗೆಗೆ ಎಸೆಯುವ ಬದಲು, ದಾರ ಮತ್ತು ಜರಿಯನ್ನು ಬಿಡಿಸಿ, ದರಗಿನ ಜೊತೆ ಗೊಬ್ಬರದ ಗುಂಡಿಗೆ ಹಾಕಬೇಕು. ಕುಂಡಗಳಿಗೆ ಬೇಕಾದ ಗೊಬ್ಬರ ಅಲ್ಲಿಂದಲೇ ಬರುತ್ತದೆ. ಚೆಂಡುಹೂವನ್ನು ಮಾತ್ರ ಗುಂಡಿಗೆ ಹಾಕುವ ಮೊದಲು ನೆರಳಿನಲ್ಲಿ ಒಣಗಿಸಿ, ಎಸಳನ್ನು ಹಿಡಿದೆಳೆದು ಬುಡ ನೋಡಬೇಕು: ಸೂಜಿಯಂತೆ ತೆಳ್ಳಗಿನ ಕಪ್ಪು ಬೀಜ ಗಟ್ಟಿಯಾಗಿದ್ದರೆ ಕಾಗದದ ಪೊಟ್ಟಣದಲ್ಲಿ ತೆಗೆದಿಟ್ಟು ಆಗಸ್ಟ್‌ನಲ್ಲಿ ಬಿತ್ತಬಹುದು, ಸುಮಾರು ಎರಡು ತಿಂಗಳಿಗೆ ಹೂವು ಬರುತ್ತದೆ. ಪೇಟೆಯ ದಪ್ಪ ಹೈಬ್ರಿಡ್ ಚೆಂಡುಹೂವಿನ ಬೀಜ ಬಹಳಷ್ಟು ಜೊಳ್ಳಾಗಿರುತ್ತದೆ, ಹುಟ್ಟಿದ ಗಿಡವೂ ತಾಯಿಯಂತೆ ಇರಬೇಕೆಂದಿಲ್ಲ; ಆದುದರಿಂದ ಬೀಜಕ್ಕೆ ಹಳ್ಳಿಯ ನಾಟಿ ಚೆಂಡುಹೂವನ್ನೇ ಆರಿಸಿಕೊಳ್ಳಬೇಕು.